ಮಂಜಿನಲ್ಲಿ ಕೂಗಿದ ‘ಬುಡು’

ನಾನು ನಿಂತಿದ್ದದ್ದು ಪಡುವಣ ಗೋಲಿನ ಹಿಂದೆ, ನನ್ನ ಎಡಗೈ ಕಡೆಯ ಕಂಬದ ಪಕ್ಕದಲ್ಲಿ. ಆಟಗಾರರ ಕಡೆಯಿಂದ ನೋಡಿದರೆ ಅದು ಬಲಗಂಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಡವೋ ಬಲವೋ ಎಂಬುದರ ಮೇಲೆಯೇ ನಮ್ಮ ಪೇಟೆಯಲ್ಲಿ ಒಂದು ಇಡೀ ಸಾಯಂಕಾಲ ಜಗಳವಾಗಿದೆ. ಹೊತ್ತು, ತೊಂಬತ್ತೊಂಬತ್ತನೆಯ ಇಸವಿಯ ಆಗಸ್ಟ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಚಹಾದ ವೇಳೆ, ಆಟದ ಎರಡನೆಯ ಅರ್ಧ. ಜಾಗ, ನೀಲಗಿರಿ ಬೆಟ್ಟದ ಕುಂದಾ ಕಡೆಯ ಪವರ್‌ಹೌಸ್ ಕಾಲೋನಿಯ ಮೈದಾನ. ಮಳೆ ಇರಲಿಲ್ಲ. ಮಂಜಿತ್ತು.

ಆ ಮಂಜಿನ ಬಗ್ಗೆ ಹೊರಗಿನವರಿಗೆ ಹೇಳುವುದು ಕಷ್ಟ. ಕಣಿವೆಯ ಕೆಳಗಿನಿಂದ ಟೀ ತೋಟ ಹತ್ತಿಕೊಂಡು ಬಂದು, ಮೊದಲು ಮೂಡಣ ಗೋಲನ್ನು ನುಂಗಿ, ಆಮೇಲೆ ನಡುಗೆರೆ ದಾಟಿ, ಕೊನೆಗೆ ನಮ್ಮ ಮೊಣಕಾಲಿಗೆ ಬರುತ್ತಿತ್ತು. ಆಟ ನಿಲ್ಲಿಸುವ ಪದ್ಧತಿ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜಿಗೆ ನಿಲ್ಲಿಸಿದರೆ ಆಡುವುದು ಯಾವಾಗ? ಅದಕ್ಕೆ ನಮ್ಮವರು ಒಂದು ಉಪಾಯ ಮಾಡಿಕೊಂಡಿದ್ದರು. ಪ್ರತಿ ಗೋಲಿನ ಹಿಂದೆ ಒಬ್ಬ ಆಡದ ಮನುಷ್ಯ, ಕೈಯಲ್ಲಿ ಖಾಲಿ ಸೀಮೆಎಣ್ಣೆ ಡಬ್ಬ ಮತ್ತು ಒಂದು ಕೋಲು. ಗೋಲಾದರೆ ಬಿಡದೆ ಬಡಿಯಬೇಕು, ಚೆಂಡು ಹೊರಗೆ ಹೋದರೆ ಒಂದೇ ಏಟು. ರೆಫರಿ ಆ ಸದ್ದು ಕೇಳಿ ಸೀಟಿ ಊದುತ್ತಿದ್ದ. ಡಬ್ಬ ಬಡಿಯುವವನಿಗೆ ‘ಮಂಜಿನ ಆಳು’ ಎಂದು ಹೆಸರು. ಆ ವರ್ಷ ನಮ್ಮ ಕಡೆಯ ಮಂಜಿನ ಆಳು ನಾನು.

ನಾನು ಟೈಲರ್. ನಮ್ಮಪ್ಪ ಗುಂಡ್ಲುಪೇಟೆ ಕಡೆಯಿಂದ ತರಕಾರಿ ಲಾರಿಯಲ್ಲಿ ಬಂದವನು ಬೆಟ್ಟದಲ್ಲೇ ಉಳಿದ. ನಾನು ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಇಟ್ಟೆ. ಆಟ ನನಗೆ ಬರುತ್ತಿರಲಿಲ್ಲ. ‘ಯೂನಿಟಿ ಫ್ರೆಂಡ್ಸ್ ಫುಟ್‌ಬಾಲ್ ಕ್ಲಬ್’ ಎಂಬ ನಮ್ಮ ಪೇಟೆಯ ತಂಡಕ್ಕೆ ಹಸಿರು ಜರ್ಸಿ ಹೊಲಿದುಕೊಡುತ್ತಿದ್ದೆ, ಅಷ್ಟೇ ನನ್ನ ಸಂಬಂಧ. ಅಣೆಕಟ್ಟು ಕಟ್ಟುವ ಕಾಲದಲ್ಲಿ ಯಂತ್ರಗಳನ್ನು ನಿಲ್ಲಿಸಲು ಸಮ ಮಾಡಿದ ಜಾಗ ನಮ್ಮ ಮೈದಾನವಾಯಿತು. ಅಲ್ಲಿ ಪವರ್‌ಹೌಸಿನ ತಮಿಳರು, ನಮ್ಮಂಥ ಮೈಸೂರು ಕಡೆಯ ಕನ್ನಡದವರು, ಸುತ್ತಲಿನ ಹಟ್ಟಿಗಳ, ಬೆಟ್ಟಕ್ಕೆ ಹಳಬರಾದ ಬಡಗರು, ಎಲ್ಲರೂ ಒಂದೇ ತಂಡದಲ್ಲಿ ಆಡಿದರು. ಕ್ಲಬ್ಬಿನ ಚರಿತ್ರೆ ಎಂದರೆ ಇಷ್ಟೇ ಸಾಕಿತ್ತು. ಉಳಿದದ್ದನ್ನು ನಮ್ಮವರು ಮಾತಾಡಿ ಮಾತಾಡಿ ಸೇರಿಸಿದರು.

ಈಗ ಆ ಇಬ್ಬರ ವಿಷಯ. ಗೋಲ್‌ಕೀಪರ್ ಸಿದ್ದರಾಜು. ಬಸ್ ನಿಲ್ದಾಣದಲ್ಲಿ ಬೇಕರಿ, ನಮ್ಮ ಗುಂಡ್ಲುಪೇಟೆ ಕಡೆಯವನೇ. ಉದ್ದನೆಯ ಆಳು, ಬಾಯಿ ಅದಕ್ಕಿಂತ ಉದ್ದ. ಅವನ ಮುಂದೆ ಬ್ಯಾಕ್ ಆಡುತ್ತಿದ್ದವನು ಬೆಳ್ಳಿ. ಮೈದಾನದ ಕೆಳಗಿನ ಹಟ್ಟಿಯ ಬಡಗ, ಸಣ್ಣ ಟೀ ಬೆಳೆಗಾರ, ಮಾತು ಕಡಿಮೆ. ಇಬ್ಬರೂ ಹತ್ತು ವರ್ಷಕ್ಕೂ ಮೇಲೆ ಹಿಂದೆ ಮುಂದೆ ನಿಂತು ಆಡಿದವರು. ಸಿದ್ದರಾಜು ಕೂಗುವುದು, ಬೆಳ್ಳಿ ಮಾಡುವುದು. ಅವನು ಕೂಗುತ್ತಿದ್ದದ್ದು ಹೆಚ್ಚಾಗಿ ಒಂದೇ ಮಾತು: ‘ಬುಡು’.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಬಿಡು ಎನ್ನುವುದನ್ನು ನಮ್ಮ ಚಾಮರಾಜನಗರ ಕಡೆ ಬುಡು ಎನ್ನುತ್ತೇವೆ. ಹಟ್ಟಿಯವರ ಬಾಯಲ್ಲೂ ಅದು ಬುಡುವೇ. ತಮಿಳಿನವರಿಗೂ ಅರ್ಥವಾಗುತ್ತದೆ. ಅದಕ್ಕೇ ಆ ಮಾತು ಮೈದಾನದ ಮಾತಾಯಿತು. ಆದರೆ ಅದಕ್ಕೆ ಎರಡು ಅರ್ಥ. ಮುಟ್ಟಬೇಡ, ನನಗೆ ಬಿಡು ಎಂಬುದೊಂದು. ‘ಒಂದು ಬಿಟ್ಟ ನೋಡು’ ಎನ್ನುತ್ತೇವಲ್ಲ, ಹಾಗೆ ಬಾರಿಸು ಎಂಬುದು ಇನ್ನೊಂದು. ಸಿದ್ದರಾಜು ತಾನೇ ಚೆಂಡು ಹಿಡಿಯಲು ಬರುವಾಗ ಕತ್ತರಿಸಿದಂತೆ ‘ಬುಡ್’ ಎಂದು ಕೂಗಿ ಅಂಗೈ ಕೆಳಗೆ ಮಾಡುತ್ತಿದ್ದ. ಬೆಳ್ಳಿ ಒದೆಯಬೇಕಾದಾಗ ‘ಬುಡೂ’ ಎಂದು ಎಳೆದು ತೋಳು ಮುಂದಕ್ಕೆ ಚಾಚುತ್ತಿದ್ದ. ಚೆಂಡು ಎಷ್ಟು ದೂರ ಹೋಗಬೇಕೋ ಮಾತೂ ಅಷ್ಟು ಉದ್ದ. ಹೊರಗಿನವರಿಗೆ ಇದು ತಮಾಷೆ. ಅವರಿಬ್ಬರಿಗೆ ಒಂದು ದಿನವೂ ತಪ್ಪಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಬೇಕರಿಯ ಮುಂದೆ ಇಬ್ಬರಿಗೂ ಮಾತಿಗೆ ಮಾತು ಬಂದಿತ್ತು. ಅದನ್ನೂ ಮುಚ್ಚಿಡುವುದಿಲ್ಲ. ಟೀ ಲೀಫಿಗೆ, ಅಂದರೆ ಕಿತ್ತ ಹಸಿ ಎಲೆಗೆ, ಬೆಲೆ ಬಿದ್ದುಹೋಗಿದ್ದ ವರ್ಷ ಅದು. ಫ್ಯಾಕ್ಟರಿಯವರು ದಿನಕ್ಕೊಂದು ಮಾತು ಹೇಳಿ ಲೀಫ್ ವಾಪಸ್ ಕಳಿಸುತ್ತಿದ್ದರು. ಬೆಳ್ಳಿ ಅವತ್ತು ಲೀಫ್ ತೂಕ ಮುಗಿಸಿಯೇ ಬಂದ, ತಡವಾಯಿತು.

“ಬನ್ನಿ ಎಸ್ಟೇಟ್ ಓನರ್ರೇ” ಎಂದ ಸಿದ್ದರಾಜು, ಎಲ್ಲರ ಎದುರಿಗೆ. “ನಾವು ಟೀ ಕುಡ್ದು ಮುಗ್ಸುದ್ವಿ. ನೀವು ಬೆಳ್ದು ಮುಗ್ಸುದ್ರಾ?”

“ನಿನ್ನ ಬನ್ನು ನಾಳೆಗೂ ಮಾರಕ್ಕಾಗ್ತದೆ” ಎಂದ ಬೆಳ್ಳಿ. “ನನ್ನ ಲೀಫ್ ಹಂಗಲ್ಲ.”

“ನಿನ್ನೆ ಬನ್ನೂ ಇವತ್ತು ಮಾರ್ತಾನೆ ಕಣೋ ಇವ್ನು” ಎಂದ ಯಾರೋ. ಎಲ್ಲರೂ ನಕ್ಕರು. ಸಿದ್ದರಾಜುವೇ ಬೆಳ್ಳಿಗೆ ಒಂದು ಬನ್ನು ಕೊಟ್ಟ. ಅಲ್ಲಿಗೆ ಮುಗಿಯಿತು. ಬನ್ನು ಕೊಟ್ಟದ್ದನ್ನು ಈಗ ಯಾರೂ ಹೇಳುವುದಿಲ್ಲ. ‘ಬೆಳಿಗ್ಗೇನೇ ಜಗಳ ಆಗಿತ್ತಲ್ಲ’ ಎಂಬುದಷ್ಟೇ ಉಳಿದಿದೆ.

ಎದುರಾಳಿ ಚೇರಂಬಾಡಿ ಕಡೆಯ ಎಸ್ಟೇಟ್ ತಂಡ. ಅವರ ಮುಂದಿನ ಆಟಗಾರ ಹಂಸ ಎಂಬ ಮಲಯಾಳಿ ಹುಡುಗ, ಓಟದಲ್ಲಿ ಮೊಲ. ರೆಫರಿ ನಮ್ಮ ಪಿ.ಟಿ. ಮೇಷ್ಟ್ರು. ಅವರ ಜೇಬಿನಲ್ಲಿ ಯಾವಾಗಲೂ ನೀಲಗಿರಿ ಎಣ್ಣೆಯ ಸೀಸೆ. ಯಾರಿಗೆ ಎಲ್ಲಿ ಪೆಟ್ಟಾದರೂ ಅದೇ ಔಷಧಿ. ಈಗಲೂ ಆ ವಾಸನೆ ಬಂದರೆ ನನ್ನ ಕೈ ತಾನಾಗಿಯೇ ಹೊಲಿಗೆ ನಿಲ್ಲಿಸುತ್ತದೆ.

ಎರಡನೆಯ ಅರ್ಧದಲ್ಲಿ ಮಂಜು ನಮ್ಮ ಗೋಲಿಗೆ ಬಂತು. ಸಿದ್ದರಾಜುವಿನ ಬೆನ್ನು ನನಗೆ ಕಾಣುತ್ತಿತ್ತು. ಅವನಾಚೆ ಬೆಳ್ಳಿ ಒಂದು ನೆರಳು. ಅದರಾಚೆ ಬರೀ ಕಾಲಿನ ಸದ್ದು. ಆ ಸದ್ದಿನೊಳಗಿಂದ ಚೆಂಡು ನೆಲಕ್ಕೆ ಹತ್ತಿ ಉರುಳುತ್ತ ಬಂತು. ಅದರ ಹಿಂದೆ ಹಂಸ. ಸಿದ್ದರಾಜು ಗೋಲು ಬಿಟ್ಟು ಮುಂದಕ್ಕೆ ಹೋದ, ಕೂಗಿದ, ಚೆಂಡಿನ ಮೇಲೆ ಬಿದ್ದ.

ಅವನು ಕೂಗಿದ್ದು ‘ಬುಡೂ’. ಉದ್ದಕ್ಕೆ.

ಯಾಕೆ ಉದ್ದಕ್ಕೆ ಎಂದರೆ, ಮಂಜಿನಲ್ಲಿ ಯಾರಾದರೂ ಹಾಗೇ ಕೂಗುವುದು. ಕತ್ತರಿಸಿದ ಮಾತು ಮಂಜಿನಲ್ಲಿ ನಾಲ್ಕು ಹೆಜ್ಜೆ ಹೋಗುವುದಿಲ್ಲ ಎಂದು ಅನಿಸುತ್ತದೆ. ಹಟ್ಟಿಯಿಂದ ಹಟ್ಟಿಗೆ ಕರೆಯುವ ಹೆಂಗಸರೂ ಎಳೆಯುತ್ತಾರೆ, ಲೀಫ್ ಲಾರಿಯ ಕ್ಲೀನರ್ ಕೂಡ ಎಳೆಯುತ್ತಾನೆ. ಸಿದ್ದರಾಜು ತನ್ನ ಮಾತು ಮುಟ್ಟಲಿ ಎಂದು ಎಳೆದ. ಎಳೆದ ಕ್ಷಣಕ್ಕೆ ಅದು ಬೇರೆ ಮಾತಾಯಿತು. ಅಂಗೈ ಕೆಳಗೆ ಮಾಡಿದ್ದನ್ನು ನಾನು ಹಿಂದಿನಿಂದ ಕಂಡೆ. ಬೆಳ್ಳಿ ಚೆಂಡಿನ ಕಡೆ ಬಗ್ಗಿದ್ದ, ಅವನಿಗೆ ಕೈ ಕಾಣಲಿಲ್ಲ.

ಬೆಳ್ಳಿ “ಬುಟ್ಟೆ” ಎಂದ. ಆಮೇಲೆ ಒದ್ದ. ಆಮೇಲೆ ಸದ್ದು ಬಂತು, ಚೆಂಡಿನದ್ದಲ್ಲ.

ಈ ಮೂರೂ ಬಂದ ಕ್ರಮವನ್ನು ದಯವಿಟ್ಟು ನೆನಪಿಡಬೇಕು. ಮೊದಲು ಮಾತು, ಆಮೇಲೆ ಕಾಲು, ಆಮೇಲೆ ಸದ್ದು. ಹೇಳಿದ ಕೆಲಸಕ್ಕೆ ‘ಆಯಿತು, ಬಿಟ್ಟೆ’ ಎಂದು ಮರುಮಾತು ಕೊಟ್ಟ ಹಾಗೆ ಅದು. ಬೇಕೆಂದೇ ಒದ್ದು ಜಂಬ ಕೊಚ್ಚುವವನು ಒದ್ದ ಮೇಲೆ ಹೇಳುತ್ತಾನೆ, ಒದೆಯುವ ಮೊದಲು ಹೇಳುವುದಿಲ್ಲ.

ಸಿದ್ದರಾಜು ಮುಖ ಮುಚ್ಚಿಕೊಂಡು ಮಗ್ಗುಲಾದ. ಹಂಸ ಎರಡೂ ಕೈ ಮೇಲೆತ್ತಿ, ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲಿ, “ನಾನ್ ತೊಡಲೆ, ನಾನ್ ತೊಡಲೆ” ಎನ್ನುತ್ತ ನಿಂತ. ಅವನನ್ನು ಯಾರೂ ಕೇಳಿರಲಿಲ್ಲ, ತಾನು ಮುಟ್ಟಲಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಮೇಷ್ಟ್ರು ಓಡಿ ಬಂದು ಎಣ್ಣೆ ಸೀಸೆ ತೆಗೆದರು. ಸಿದ್ದರಾಜುವಿನ ಕೈ ಸರಿಸಿ ನೋಡಿ, ಸೀಸೆಯನ್ನು ಮತ್ತೆ ಜೇಬಿಗಿಟ್ಟರು. ಅದು ಎಣ್ಣೆ ಹಚ್ಚುವಂಥ ಪೆಟ್ಟಲ್ಲ ಎಂದು ನನಗೆ ಆಗ ತಿಳಿಯಿತು. ನಾನು ಡಬ್ಬ ಹಿಡಿದು ನಿಂತೇ ಇದ್ದೆ. ಚೆಂಡು ನನ್ನ ಕಾಲ ಬಳಿ ಹೊರಗೆ ಬಂದು ನಿಂತಿತ್ತು. ಒಂದು ಏಟು ಬಡಿಯಬೇಕಿತ್ತು, ಬಡಿಯಲಿಲ್ಲ.

ಆಲೂಗಡ್ಡೆ ಲಾರಿಯಲ್ಲಿ ಊಟಿಗೆ ಹೊರಟೆವು. ಚೀಲಗಳ ಮೇಲೆ ಬೆಳ್ಳಿ ಕೂತ, ಅವನ ತೊಡೆಯ ಮೇಲೆ ಸಿದ್ದರಾಜುವಿನ ತಲೆ, ಪಕ್ಕದಲ್ಲಿ ನಾನು. ಒಂದೊಂದು ತಿರುವಿಗೂ ಸಿದ್ದರಾಜು ಬೆಳ್ಳಿಯ ಕಾಲರನ್ನು ಹಿಡಿದುಕೊಳ್ಳುತ್ತಿದ್ದ. ಊಟಿ ತಲಪುವ ಹೊತ್ತಿಗೆ ಅದು ಭುಜದವರೆಗೆ ಹರಿದಿತ್ತು. ಆ ಹರಿದ ಕಾಲರನ್ನು ಆಸ್ಪತ್ರೆಯ ಬಾಗಿಲಲ್ಲಿ ಕಂಡವರು ಪೇಟೆಗೆ ಬಂದು, ‘ಲಾರಿಯಲ್ಲೇ ಅವನ ಕೊರಳಪಟ್ಟಿ ಹಿಡಿದನಂತೆ’ ಎಂದರು. ಆ ಜರ್ಸಿ ನಾನು ಹೊಲಿದದ್ದು. ಸಿಟ್ಟಿನಿಂದ ಎಳೆದರೆ ಬಟ್ಟೆ ಹೇಗೆ ಹರಿಯುತ್ತದೆ, ಬೀಳದಿರಲು ಜೋತುಬಿದ್ದರೆ ಹೊಲಿಗೆ ಹೇಗೆ ಬಿಡುತ್ತದೆ ಎಂದು ನನಗೆ ಗೊತ್ತು. ಹೇಳಿದೆ. ಯಾರು ಕೇಳುತ್ತಾರೆ?

ಸಿದ್ದರಾಜುವಿನ ಎಡಗಣ್ಣು ಹೋಯಿತು.

ಹದಿನೈದು ದಿನ ಕಳೆದು ಆಲೂಗಡ್ಡೆ ಮಂಡಿಯ ಶೆಡ್ಡಿನಲ್ಲಿ ಕ್ಲಬ್ಬಿನ ಸಭೆ. ಪ್ರೆಸಿಡೆಂಟ್ ಮಾದಪ್ಪ ಮಂಡಿಯ ಮಾಲೀಕರು. ಆಟದ ದಿನ ಅವರು ಮೈದಾನದ ಆಚೆ ತುದಿಯ ಚಹಾದಂಗಡಿಯಲ್ಲಿದ್ದರು. ಆದರೂ ನಡೆದದ್ದನ್ನು ಅವರೇ ಎಲ್ಲರಿಗಿಂತ ಚೆನ್ನಾಗಿ ವರ್ಣಿಸುತ್ತಿದ್ದರು. ಬೆಳ್ಳಿ ಬಾಗಿಲ ಹತ್ತಿರ ನಿಂತಿದ್ದ. ಸಿದ್ದರಾಜು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮುಂದೆ ಕೂತಿದ್ದ.

“ಟೈಲರಣ್ಣ, ನೀವು ಅಲ್ಲೇ ಇದ್ರಲ್ಲ” ಎಂದರು ಮಾದಪ್ಪ. “ಬೇಕಂತ ಒದ್ನೋ ಇಲ್ವೋ? ಒಂದೇ ಮಾತ್ನಲ್ಲಿ ಹೇಳ್ಬುಡಿ.”

“ಒಂದೇ ಮಾತಿಂದ ಆದದ್ದೇ ಇದು ಮಾದಪ್ನೋರೇ” ಎಂದು, ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಬುಡ್ ಮತ್ತು ಬುಡೂ ಎರಡನ್ನೂ ಕೂಗಿ ತೋರಿಸಿದೆ.

“ಅಂದ್ರೆ, ಕಣ್ಣು ಕಳ್ಕೊಂಡೋನ್ದೇ ತಪ್ಪು ಅಂತೀರಿ.”

“ತಪ್ಪು ಅಂತ ನಾನಂದಿಲ್ಲ. ಕೂಗು ಉದ್ದ ಇತ್ತು ಅಂದೆ.”

“ಅಳ್ತೆ ಟೇಪ್ ತಗೊಂಡೋಗಿದ್ರಾ ಟೈಲರಣ್ಣ?” ಎಂದ ಹಿಂದಿನಿಂದ ಒಬ್ಬ. ಶೆಡ್ಡೆಲ್ಲ ನಕ್ಕಿತು. ಆ ನಗುವಿನಲ್ಲಿ ನನ್ನ ಸಾಕ್ಷಿ ಮುಗಿಯಿತು. ಇಂದಿಗೂ ನನ್ನನ್ನು ಕಂಡರೆ ಕೆಲವರು ‘ಎಷ್ಟು ಇಂಚು ಉದ್ದ ಇತ್ತಣ್ಣ’ ಎಂದು ಕೇಳುವುದುಂಟು.

ಮಾದಪ್ಪನವರು ಸಿದ್ದರಾಜುವಿನ ಕಡೆ ತಿರುಗಿದರು. “ನೀನೇ ಹೇಳಪ್ಪ. ಏನಂತ ಕೂಗ್ದೆ?”

ಸಿದ್ದರಾಜು ಕಣ್ಣಿನ ಪಟ್ಟಿಯನ್ನು ಸರಿಮಾಡಿಕೊಂಡ. ಬೆಳ್ಳಿ ಅವನನ್ನೇ ನೋಡುತ್ತಿದ್ದ.

“ನಂಗೆ ಗ್ಯಾನ ಇಲ್ಲ” ಎಂದ ಸಿದ್ದರಾಜು. ಜ್ಞಾಪಕವಿಲ್ಲ.

ಬೆಳ್ಳಿ ಬಾಗಿಲಿನಿಂದಲೇ ಹೊರಟುಹೋದ. ಅವನ ಹಿಂದೆ ಹಟ್ಟಿಯ ಆಟಗಾರರೆಲ್ಲ ಹೋದರು. ಮರುದಿನ ಬೆಳ್ಳಿ ಅಂಗಡಿಗೆ ಬಂದು ಜರ್ಸಿಯನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟ.

“ನೀವು ಕೇಳಿದ್ದ ಕೇಳ್ದಂಗೆ ಹೇಳಿದ್ರಿ ಟೈಲರಣ್ಣ. ಆದ್ರೆ ನೀವು ಹೇಳಿ ಆಗೋದಲ್ಲ ಇದು.”

“ಅವನಿಗೆ ನಿಜವಾಗಿಯೂ ಜ್ಞಾಪಕ ಇರಲಿಕ್ಕಿಲ್ಲ” ಎಂದೆ.

“ಇಲ್ದಿದ್ರೆ ಇಲ್ಲ. ನಾನು ಬೇಕಂತ ಒದೀಲಿಲ್ಲ ಅಂತನಾದ್ರೂ ಹೇಳ್ಬಹುದಿತ್ತಲ್ಲ. ಅದಕ್ಕೆ ಜ್ಞಾಪಕ ಬೇಕಾ?”

ನಾನು ಆ ಜರ್ಸಿಯನ್ನು ಎತ್ತಿಟ್ಟೆ. ಅವನು ಮತ್ತೆ ಚೆಂಡು ಮುಟ್ಟಲಿಲ್ಲ. ಪೇಟೆ ಅವನಿಗೆ ‘ಕಣ್ಣು ಬೆಳ್ಳಿ’ ಎಂದು ಹೆಸರಿಟ್ಟಿತು. ಲೀಫ್ ತೂಕದ ಸಾಲಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಸಾವಿಗೆ ಹೋದಲ್ಲಿ ಕೂಡ ಅದೇ ಹೆಸರು. ಅವನ ತಂಗಿಯನ್ನು ನೋಡಲು ಬಂದ ಗಂಡಿನ ಕಡೆಯವರು ಕೂಡ ಹಟ್ಟಿಯ ಬಾಗಿಲಲ್ಲಿ ನಿಂತು, ‘ಕಣ್ಣೊದ್ದವನ ಮನೆ ಯಾವುದು’ ಎಂದು ಕೇಳಿದರಂತೆ.

ಇನ್ನು ಕ್ಲಬ್ಬು. ಹನ್ನೊಂದು ಜನ ಸೇರಿಸಲು ಲಾರಿ ಡ್ರೈವರನ್ನೂ ಕಾಲಿಗೆ ಬಿದ್ದು ಕರೆತರುತ್ತಿದ್ದ ಪೇಟೆಯಲ್ಲಿ ಎರಡು ಕ್ಲಬ್ಬಾಯಿತು. ಪೇಟೆಯವರು ‘ಯೂನಿಟಿ ಫ್ರೆಂಡ್ಸ್’. ಹಟ್ಟಿಯ ಕಡೆಯವರು ‘ಒರಿಜಿನಲ್ ಯೂನಿಟಿ ಫ್ರೆಂಡ್ಸ್’. ಬೆಳ್ಳಿ ಇದ್ಯಾವುದಕ್ಕೂ ಹೋಗಲಿಲ್ಲ, ಅವನ ಹೆಸರಿನಲ್ಲಿ ಇದೆಲ್ಲ ನಡೆಯಿತು. ಮೈದಾನ ಒಂದೇ, ಬೋರ್ಡು ಎರಡು, ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ. ಎರಡು ಕಡೆಯವರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ನನ್ನ ಅಂಗಡಿಗೆ ಬಂದರು, ಜರ್ಸಿಗೆ.

“ಯಾವ ಬಣ್ಣ?” ಎಂದೆ ಒರಿಜಿನಲ್‌ನವರನ್ನು.

“ಹಸಿರು.”

“ಅವರೂ ಹಸಿರೇ ಹೇಳಿ ಹೋಗಿದ್ದಾರೆ.”

“ಹಸಿರು ನಮ್ದು ಅಣ್ಣ. ಅವ್ರು ಬದ್ಲಾಯ್ಸ್‌ಕೊಳ್ಳಲಿ.”

ಬದಲಾಯಿಸಿಕೊಳ್ಳಿ ಎಂದು ಅವರಿಗೆ ಹೇಳಿದರೆ ಅವರಿಂದಲೂ ಅದೇ ಮಾತು. ಕೊನೆಗೆ ಒಂದೇ ಥಾನಿನ ಬಟ್ಟೆಯಲ್ಲಿ ಎರಡೂ ತಂಡಕ್ಕೆ ಹೊಲಿದೆ. ಅವರಿಬ್ಬರೂ ಎದುರುಬದುರಾಗಿ ಆಡಿದ ಮೊದಲ ಪಂದ್ಯದಲ್ಲಿ, ಮಂಜಿನಲ್ಲಿ, ಯಾರು ಯಾರಿಗೆ ಚೆಂಡು ಕೊಡುತ್ತಿದ್ದಾರೆಂದು ಆಡುವವರಿಗೇ ತಿಳಿಯಲಿಲ್ಲ. ಮೇಷ್ಟ್ರು ಸೀಟಿಯನ್ನು ನೆಲಕ್ಕೆಸೆದು ಮನೆಗೆ ಹೋದರು. ಆ ವರ್ಷ ಯಾರಾದರೂ ಮಾಡಿದ ಸರಿಯಾದ ಕೆಲಸ ಅದೊಂದೇ.

ಕಳೆದ ಆಗಸ್ಟಿನಲ್ಲಿ ನಾನು ಮತ್ತೆ ಆ ಮೈದಾನಕ್ಕೆ ಹೋದೆ. ನನ್ನೊಂದಿಗೆ ಸಿದ್ದರಾಜುವೂ ಬಂದಿದ್ದ. ಬೇಕರಿ ಈಗ ಮಗ ನೋಡಿಕೊಳ್ಳುತ್ತಾನೆ, ಸಂಜೆ ಹೊತ್ತು ನನ್ನ ಜೊತೆ ನಡೆಯುವುದು ಇವನ ಕೆಲಸ. ಎಡಗಡೆ ಬಂದವರು ಕಾಣುವುದಿಲ್ಲವೆಂದು ನನ್ನನ್ನು ಯಾವಾಗಲೂ ಎಡಕ್ಕೇ ನಡೆಸುತ್ತಾನೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಆ ದಿನದ ಮಾತೆತ್ತಿದವರಲ್ಲ. ನನಗೆ ಸಿಟ್ಟಿತ್ತು. ಒಂದು ಕಣ್ಣಿನವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದೂ ಒಂದು ಪೀಕಲಾಟ.

ಮಕ್ಕಳು ಆಡುತ್ತಿದ್ದರು. ಮಂಜು ಬಂದಿತ್ತು. ನಾವು ಪಡುವಣ ಗೋಲಿನ ಹಿಂದೆ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತೆವು. ಗೋಲಿನಲ್ಲಿದ್ದ ಹುಡುಗ ಮುಂದಕ್ಕೆ ಓಡುತ್ತ “ಬುಡೂ” ಎಂದು ಕೂಗಿದ. ಅವನ ಮುಂದೆ ಬ್ಯಾಕ್ ಆಡುತ್ತಿದ್ದ ಹುಡುಗ ಒದ್ದ. ಚೆಂಡು ಕೀಪರನ ಎದೆಗೆ ಬಡಿಯಿತು.

“ಬುಡು ಅಂದ್ನಲ್ಲೋ ನಾನು” ಎಂದ ಕೀಪರ್, ಎದೆ ಉಜ್ಜಿಕೊಳ್ಳುತ್ತ.

“ಅದ್ಕೇ ಬುಟ್ಟೆ” ಎಂದ ಇನ್ನೊಬ್ಬ.

ಸಿದ್ದರಾಜು ನೆಟ್ಟನ್ನು ಹಿಡಿದುಕೊಂಡ. “ಈ ಮಾತ್ನ ಇನ್ನೂ ಯಾರೂ ಬದ್ಲಾಯ್ಸಿಲ್ವಾ ಟೈಲರಣ್ಣ?” ಎಂದ.

“ಬೋರ್ಡು ಬದಲಾಯಿಸಿದರು” ಎಂದೆ. “ಮಾತು ಬದಲಾಯಿಸಬೇಕು ಅಂತ ಯಾರಿಗೂ ಹೊಳೀಲಿಲ್ಲ. ಹೇಳಿದವನಿಗೆ ಟೇಪ್ ತಗೊಂಡೋಗಿದ್ರಾ ಅಂದರು.”

“ಉದ್ದಕ್ಕೆ ಕೂಗ್ದೆ” ಎಂದ ಅವನು. “ಕೇಳಿಸ್ಲಿ ಅಂತ ಕೂಗ್ದೆ. ನಂಗೆ ಗ್ಯಾನ ಇತ್ತು. ಶೆಡ್ಡಲ್ಲಿ ಕೂತಾಗ್ಲೂ ಇತ್ತು. ಹೇಳುದ್ರೆ ಈ ಕಣ್ಣ ನಾನೇ ಕಳ್ಕೊಂಡಂಗೆ ಆಯ್ತದಲ್ಲಣ್ಣ. ಅವನೇ ಕಿತ್ಕೊಂಡ ಅಂದ್ರೆ ಒಸಿ ತಡ್ಕಬಹುದು ಅನ್ನುಸ್ತು.”

“ಇದನ್ನು ನನಗೆ ಹೇಳಿ ಏನಾಗಬೇಕು? ನನಗೆ ಅವತ್ತೇ ಗೊತ್ತಿತ್ತು. ಅವನ ಮನೆ ಇಲ್ಲೇ ಕೆಳಗಿದೆ, ನಡಿ.”

ಬಂದ. ಟೀ ತೋಟದ ನಡುವಿನ ದಾರಿಯಲ್ಲಿ ಹಟ್ಟಿಯ ತಿರುವಿನವರೆಗೂ ಬಂದ. ಬೆಳ್ಳಿಯ ಮನೆಯ ದೀಪ ಮಂಜಿನೊಳಗೆ ಹಳದಿಯಾಗಿ ಕಾಣುತ್ತಿತ್ತು. ಒಳಗೆ ಯಾರೋ ಕೆಮ್ಮಿದ್ದು ಕೇಳಿಸಿತು. ಅಲ್ಲಿ ನಿಂತು, “ಇವತ್ತು ಮಂಜು ಜಾಸ್ತಿ ಐತೆ ಕನಣ್ಣ, ಇನ್ನೊಂದಿನ ಬರಮ” ಎಂದು ತಿರುಗಿಬಿಟ್ಟ.

ಆ ಇನ್ನೊಂದು ದಿನ ಇನ್ನೂ ಬಂದಿಲ್ಲ. ನಡುವೆ ಎರಡೂ ಕ್ಲಬ್ಬಿನವರು ಬೇರೆ ಬೇರೆ ಬಂದು, ತಮ್ಮ ತಮ್ಮ ವಾರ್ಷಿಕೋತ್ಸವಕ್ಕೆ ‘ಕ್ಲಬ್ಬಿನ ಚರಿತ್ರೆ ಬರೆದುಕೊಡಿ ಟೈಲರಣ್ಣ, ಜಗಳದ ವಿಷಯ ಮಾತ್ರ ಬೇಡ’ ಎಂದರು. ಬರೆಯುತ್ತೇನೆ, ಬರೆದದ್ದನ್ನು ಒಂದೇ ಪ್ರತಿಯಾಗಿ ಇಬ್ಬರಿಗೂ ಕೊಡುತ್ತೇನೆ ಎಂದೆ. ಇದನ್ನು ಬರೆದು ತೋರಿಸಿದಾಗ ಸಿದ್ದರಾಜು ಎರಡು ಸಲ ಓದಿಸಿಕೊಂಡು ಕೇಳಿದ. ಯಾವುದನ್ನೂ ತೆಗೆ ಎನ್ನಲಿಲ್ಲ.

ಅಂದು ಆ ಗೋಲಿನ ಬಳಿ ಇದ್ದವರಲ್ಲಿ ಪಿ.ಟಿ. ಮೇಷ್ಟ್ರು ತೀರಿಕೊಂಡರು. ಮಾದಪ್ಪನವರು ಇದ್ದಾರೆ, ಆದರೆ ಅವರು ಕಂಡವರಲ್ಲ. ಕಂಡವರಲ್ಲಿ ಬದುಕಿರುವವರು ಹಂಸ, ನಾನು, ಸಿದ್ದರಾಜು. ಹಂಸ ಚೇರಂಬಾಡಿಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾನೆ. ನನ್ನನ್ನು ಕಂಡರೆ ಇಂದಿಗೂ ಮೊದಲು ಹೇಳುವುದು ‘ನಾನ್ ತೊಡಲೆ’ ಎಂದೇ. ಸಿದ್ದರಾಜು ಎರಡು ಕಣ್ಣಿನಿಂದ ಕೊನೆಗೆ ಕಂಡದ್ದು ಆ ಚೆಂಡನ್ನು.

ಬೆಳ್ಳಿಯೂ ಬದುಕಿದ್ದಾನೆ, ಮೈದಾನದ ಕೆಳಗಿನ ಹಟ್ಟಿಯಲ್ಲಿ, ಅದೇ ಮನೆಯಲ್ಲಿ. ಅವನ ಹೆಸರನ್ನು ಕಂಡವರ ಸಾಲಿಗೆ ಸೇರಿಸುವಂತಿಲ್ಲ. ಅವನು ಏನನ್ನೂ ಕಾಣಲಿಲ್ಲ. ಕೇಳಿಸಿಕೊಂಡ.